ಉಸಿರಿಗೂ ಕರುಳಿಗೂ ಏನು ನಂಟು?

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಕಾರ್ಕಳದ ಕುಕ್ಕುಂದೂರಿನಂಥ ಊರುಗಳಲ್ಲಿ ಗೋಡೆ, ಚಾಪೆ, ಹಾಸಿಗೆಗಳು ಸರಿಯಾಗಿ ಒಣಗುವುದೇ ಇಲ್ಲ. ಬೂಷ್ಟು, ದೂಳುನುಸಿಗಳು ಹೆಚ್ಚುತ್ತವೆ. ನಿಮ್ಮ ತರಗತಿಯಲ್ಲೂ ಒಬ್ಬಿಬ್ಬರು ಮಕ್ಕಳು ಉಬ್ಬಸದಿಂದ ಶಾಲೆ ತಪ್ಪಿಸಿಕೊಂಡಿರಬಹುದು. ಅದೇ ಗಾಳಿಯನ್ನು ಉಸಿರಾಡುವ ಉಳಿದವರಿಗೆ ಏನೂ ಆಗುವುದಿಲ್ಲ. ಏಕೆ?

ನಿರುಪದ್ರವಿ ವಸ್ತುವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಿಳಿದು ಕೆರಳುವುದೇ ಅಲರ್ಜಿ. ಆಗ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ, ಸ್ನಾಯು ಬಿಗಿಯುತ್ತದೆ. ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ: ಸ್ತರೀಯ ಹರಿವಿನಲ್ಲಿ ನಳಿಕೆಯ ರೋಧವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ರೋಧ 16 ಪಟ್ಟು! ಆ ಮಗುವಿನ ಏದುಸಿರು ಸೋಗಲ್ಲ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ 18 ವರ್ಷದೊಳಗಿನವರಲ್ಲಿ ಅಸ್ತಮಾ 1979ರಲ್ಲಿ ಶೇ. 9ರಷ್ಟಿತ್ತು, 1999ರಲ್ಲಿ ಶೇ. 29.5 ಆಗಿತ್ತು. ಇಪ್ಪತ್ತೇ ವರ್ಷಗಳಲ್ಲಿ ಜನರ ಜೀನುಗಳು ಬದಲಾಗುವುದಿಲ್ಲ, ಬದಲಾಗುವುದು ಪರಿಸರ.

ಅಮೆರಿಕದ ಆಮಿಷ್ ಮತ್ತು ಹಟರೈಟ್ ಎಂಬ ಕೃಷಿಕ ಸಮುದಾಯಗಳ ವಂಶಮೂಲ ಹೆಚ್ಚುಕಡಿಮೆ ಒಂದೇ. ಆಮಿಷ್ ಮಕ್ಕಳು ದನದ ಹಟ್ಟಿಯ ಆಸುಪಾಸಿನಲ್ಲೇ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೊದಲ ಸಮುದಾಯದ ಮಕ್ಕಳಲ್ಲಿ ಅಸ್ತಮಾ ಸುಮಾರು ಶೇ. 5, ಎರಡನೆಯದರಲ್ಲಿ ಶೇ. 21. ಆಮಿಷ್ ಮನೆಗಳ ದೂಳಿನಲ್ಲಿ ಬ್ಯಾಕ್ಟೀರಿಯಾಗಳ ಅಂಶ ಹಲವು ಪಟ್ಟು ಹೆಚ್ಚಿತ್ತು. ಎಳವೆಯಲ್ಲಿ ಸೂಕ್ಷ್ಮಜೀವಿಗಳ ಒಡನಾಟವೇ ರಕ್ಷಣಾ ವ್ಯವಸ್ಥೆಗೆ ಸಹನೆಯ ಪಾಠ ಕಲಿಸುತ್ತದೆ ಎಂಬ ವಾದಕ್ಕೆ ಇದು ಬಲ ನೀಡಿತು.

ಈ ಪಾಠದ ಇನ್ನೊಂದು ಶಾಲೆ ಕರುಳು. ನಾವು ಜೀರ್ಣಿಸಲಾಗದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್‌ಗಳನ್ನು ಉತ್ಪಾದಿಸುತ್ತವೆ. ಇವು ಉರಿಯೂತವನ್ನು ಹತೋಟಿಯಲ್ಲಿಡುವ ಟಿ-ಕೋಶಗಳಿಗೆ ನೆರವಾಗುತ್ತವೆ. ನಾರು ಹೆಚ್ಚಾಗಿ ತಿಂದ ಇಲಿಗಳ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ತಗ್ಗಿದ್ದು 2014ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಇಷ್ಟು ಖಚಿತ ಪುರಾವೆ ಇನ್ನೂ ಸಿಕ್ಕಿಲ್ಲ. ಆದರೂ ಬಸಳೆ, ಹುರುಳಿ, ಬಾಳೆದಿಂಡುಗಳನ್ನು ಉಣ್ಣಲು ಬೇರೆ ಕಾರಣಗಳೂ ಸಾಕಷ್ಟಿವೆ. ವೈದ್ಯರು ಹೇಳದೆ ಆಂಟಿಬಯಾಟಿಕ್ ನುಂಗಿದರೆ ಕರುಳಿನ ಉಪಕಾರಿ ಜೀವಿಗಳೂ ಸಾಯುತ್ತವೆ.

ಒಂದು ಎಚ್ಚರಿಕೆ. ಹಟ್ಟಿಯ ದೂಳು ಔಷಧವಲ್ಲ. ಅಸ್ತಮಾ ಈಗಾಗಲೇ ಇರುವವರಿಗೆ ದೂಳು, ಬೂಷ್ಟು, ಸೌದೆಯ ಹೊಗೆ ಅಪಾಯವೇ. ಇನ್‌ಹೇಲರ್ ಚಟ ಹಿಡಿಸುತ್ತದೆಂಬ ಮಾತು ನಿಜವಲ್ಲ. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ತರಗತಿಯಲ್ಲಿ ಮಗುವಿಗೆ ಉಬ್ಬಸ ಬಂದರೆ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಅದರ ಇನ್‌ಹೇಲರ್ ಕೊಡಿ. ಉಸಿರಾಟ ಹಗುರಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.