ಎರಿಗೂ ಸೈ, ಗರಸಿಗೂ ಸೈ ಎನ್ನುವ ಬೈಕ್ ಯಾವುದು?

ಗದಗ–ಬೆಟಗೇರಿಯಿಂದ ಮುಂಡರಗಿ ರಸ್ತೆ ಹಿಡಿದರೆ ಡಂಬಳ ತಲುಪುವಷ್ಟರಲ್ಲಿ ಎರಡು ಬಗೆಯ ನೆಲ ಕಾಣಿಸುತ್ತದೆ. ರಸ್ತೆಗೆ ಹೊಂದಿಕೊಂಡೇ ಕಡಲೆ, ಬಿಳಿಜೋಳ ಬೆಳೆಯುವ ಕಪ್ಪು ಎರಿ. ಬಲಕ್ಕೆ ದೂರದಲ್ಲಿ ಕಪ್ಪತಗುಡ್ಡದ ಸಾಲು. ಅದರ ಬುಡಕ್ಕೆ ಸರಿದಂತೆ ಕೆಂಪು ಮಸಾರಿ, ಗರಸು, ಉರುಟು ಕಲ್ಲು. ನಡುವೆ ಊರಿಂದೂರಿಗೆ, ಹೊಲದಿಂದ ಹೊಲಕ್ಕೆ ಹಾಯುವ ನೂರಾರು ಚಕ್ಕಡಿ ದಾರಿಗಳು. ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸುವ ಹುಚ್ಚು ಹತ್ತಿದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ.

ಈ ಭಾಗದಲ್ಲಿ ಮಣ್ಣಿನ ದಾರಿಯ ಸವಾರಿ ಹೊಸ ಶೋಕಿಯೇನಲ್ಲ. ಬೀಜದ ಚೀಲ, ಔಷಧ ಹೊಡೆಯುವ ಪಂಪು, ಹಾಲಿನ ಕ್ಯಾನು ಹೇರಿಕೊಂಡು ಹೊಲಕ್ಕೆ ಹೋಗುವ ರೈತರು ದಶಕಗಳಿಂದ ಇದನ್ನೇ ಮಾಡುತ್ತಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಈ ದಾರಿಗಳಲ್ಲಿ ಓಡಿದೆ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಓಡಿದೆ. 98 ಸಿಸಿ, 11 ಅಶ್ವಶಕ್ತಿಯ ಆ ಹಗುರ ಗಾಡಿಯ ತಯಾರಿಕೆ 1996ರಲ್ಲಿ ನಿಂತರೂ ಅದರ ಸದ್ದಿಗೆ ತಲೆ ತಿರುಗಿಸುವವರು ಇಂದಿಗೂ ಇದ್ದಾರೆ. ಬದಲಾಗಿರುವುದು ಒಂದೇ: ಮಣ್ಣಿಗೆಂದೇ ಮಾಡಿದ ಬೈಕು ಈಗ ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಸಿಗುತ್ತಿದೆ. ಹಾಗಾಗಿ ಹಳೆಯ ಗಾಡಿ ಕೊಟ್ಟು ಹೊಸದು ತರುವ ಆಲೋಚನೆ ಅನೇಕರಿಗೆ ಬಂದಿದೆ. ಆದರೆ ಯಾವುದನ್ನು ತರಬೇಕು? ಶೋರೂಮಿನಲ್ಲಿ ಅಶ್ವಶಕ್ತಿಯ ಲೆಕ್ಕ ಕೇಳಿ ಮರುಳಾಗುವ ಮೊದಲು ಗಾಡಿ ಓಡಬೇಕಾದ ನೆಲವನ್ನು ನೋಡುವುದು ಒಳ್ಳೆಯದು.

ಇಂಪಲ್ಸ್‌ನಿಂದ ಎಕ್ಸ್‌ಪಲ್ಸ್‌ವರೆಗೆ

ಹೀರೊ ಕಂಪನಿ 2011ರಲ್ಲಿ ಇಂಪಲ್ಸ್ ಎಂಬ 150 ಸಿಸಿ ಬೈಕ್ ತಂದಾಗ ಭಾರತದ ಮಾರುಕಟ್ಟೆ ಅದಕ್ಕೆ ಸಿದ್ಧವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್‌ನ 411 ಸಿಸಿ ಹಿಮಾಲಯನ್ ಬಂದು, ದೂರದೂರಿನ ದಾರಿಯನ್ನೂ ಕಚ್ಚಾ ರಸ್ತೆಯನ್ನೂ ಒಂದೇ ಗಾಡಿಯಲ್ಲಿ ಮುಗಿಸಬಹುದೆಂದು ತೋರಿಸಿತು. ನಿಜವಾದ ತಿರುವು 2019ರ ಮೇ ತಿಂಗಳಿನದು. ಹೀರೊ ಎಕ್ಸ್‌ಪಲ್ಸ್ 200 ಆಗ 97 ಸಾವಿರ ರೂಪಾಯಿಯ ಶೋರೂಮ್ ಬೆಲೆಗೆ ಬಂತು. 21 ಇಂಚಿನ ಮುಂದಿನ ಗಾಲಿ, 18 ಇಂಚಿನ ಹಿಂದಿನ ಗಾಲಿ, ನೆಲದಿಂದ 220 ಮಿ.ಮೀ. ಎತ್ತರ, 190 ಮಿ.ಮೀ. ಕುಗ್ಗಬಲ್ಲ ಮುಂದಿನ ಫೋರ್ಕ್ — ಇಷ್ಟನ್ನೂ ಲಕ್ಷದೊಳಗೆ ಕೊಟ್ಟ ಬೈಕು ಅದಕ್ಕೆ ಮೊದಲು ಇರಲಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆಗಳು ಬೇಗ ಬಿದ್ದವು. 2021ರಲ್ಲಿ ನಾಲ್ಕು ವಾಲ್ವ್‌ಗಳ ಎಂಜಿನ್ ಬಂತು. 2023ರ ಪ್ರೊ ಮಾದರಿಯಲ್ಲಿ ಫೋರ್ಕ್ 250 ಮಿ.ಮೀ. ಕುಗ್ಗುವಂತಾಯಿತು, ಸೀಟು ಮಾತ್ರ 891 ಮಿ.ಮೀ. ಎತ್ತರಕ್ಕೆ ಏರಿತು. 2025ರ ಜನವರಿಯಲ್ಲಿ ನೀರಿನಿಂದ ತಣಿಯುವ ಎಂಜಿನ್, ಆರು ಗೇರುಗಳ ಎಕ್ಸ್‌ಪಲ್ಸ್ 210 ಬಂತು. ಇತ್ತ ಹಿಮಾಲಯನ್ 2023ರ ಕೊನೆಗೆ 452 ಸಿಸಿ, 40 ಅಶ್ವಶಕ್ತಿಗೆ ಬೆಳೆಯಿತು. ಕವಾಸಾಕಿ ಕೆಎಲ್‌ಎಕ್ಸ್ 230, ಕೆಟಿಎಂ 390 ಎಂಡ್ಯೂರೊ ಆರ್ ಸೇರಿಕೊಂಡು, ಹತ್ತು ವರ್ಷದ ಹಿಂದೆ ಆಯ್ಕೆಯೇ ಇಲ್ಲದಿದ್ದ ಕಡೆ ಈಗ ಗೊಂದಲ ಹುಟ್ಟುವಷ್ಟು ಆಯ್ಕೆಗಳಿವೆ.

ಎರಿಯ ಪರೀಕ್ಷೆ

ಶಿರಹಟ್ಟಿಯಿಂದಲೋ ಲಕ್ಷ್ಮೇಶ್ವರದಿಂದಲೋ ಹೊಲದ ದಾರಿಗೆ ಇಳಿದವರಿಗೆ ಎರಿಯ ಗುಣ ಗೊತ್ತು. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರುಕು ಬಿಡುವ ಜೇಡಿಯೇ ಅದರಲ್ಲಿ ಹೆಚ್ಚು. ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡ್‌ ಒಳಗೆ ಗಟ್ಟಿಯಾಗಿ ಕೂರುತ್ತದೆ. ಗಾಲಿ ತಿರುಗುವುದೇ ನಿಲ್ಲುತ್ತದೆ. ಸವಾರ ಇಳಿದು ಕೋಲಿನಿಂದ ಕೆತ್ತಬೇಕು, ನಾಲ್ಕು ಮಾರು ಹೋಗಿ ಮತ್ತೆ ಕೆತ್ತಬೇಕು. ರಸ್ತೆ ಬೈಕಿನ ಮಡ್‌ಗಾರ್ಡ್ ಟೈರಿಗೆ ಅಂಟಿಕೊಂಡಂತೆ ಇರುವುದೇ ಇದಕ್ಕೆ ಕಾರಣ. ಡರ್ಟ್ ಬೈಕಿನಲ್ಲಿ ಮುಂದಿನ ಮಡ್‌ಗಾರ್ಡ್ ಒಂದು ಗೇಣು ಮೇಲೆ, ಹೆಡ್‌ಲೈಟಿನ ಕೆಳಗೆ ಇರುತ್ತದೆ. ನೋಟಕ್ಕೆ ಹಕ್ಕಿಯ ಕೊಕ್ಕಿನಂತೆ ಕಾಣುವ ಅದರ ಕೆಲಸ ಮಣ್ಣಿಗೆ ಬಿದ್ದುಹೋಗಲು ಜಾಗ ಕೊಡುವುದು. ಈ ಸೀಮೆಯವರು ಹೊಸ ಗಾಡಿಯಲ್ಲಿ ಮೊದಲು ನೋಡಬೇಕಾದ ಭಾಗ ಇದು.

ಎರಿ ಒಣಗಿದ ಮೇಲೆ ಇನ್ನೊಂದು ಕಷ್ಟ. ಮಳೆಗಾಲದಲ್ಲಿ ಚಕ್ಕಡಿ, ಟ್ರ್ಯಾಕ್ಟರ್ ಗಾಲಿಗಳು ಕೊರೆದ ಜಾಡು ಬೇಸಿಗೆಯಲ್ಲಿ ಸಿಮೆಂಟಿನ ಕಾಲುವೆಯಂತೆ ಗಟ್ಟಿಯಾಗುತ್ತದೆ. 17 ಇಂಚಿನ ಗಾಲಿ ಆ ಜಾಡಿನ ಅಂಚಿಗೆ ಬಡಿದು ಹ್ಯಾಂಡಲ್ ತಿರುಚುತ್ತದೆ. 21 ಇಂಚಿನದು ಅದನ್ನು ಏರಿ ದಾಟುತ್ತದೆ. ಗಾಲಿ ದೊಡ್ಡದಾದಷ್ಟೂ ಕಲ್ಲು, ಗುಂಡಿಗಳ ಮೇಲೆ ಹತ್ತುವ ಕೋನ ಹಿತವಾಗುತ್ತದೆ. ದೊಡ್ಡ ಚಕ್ಕಡಿ ಗಾಲಿಯನ್ನು ಕಂಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗರಸು ಮತ್ತು ಜಾಲಿ ಮುಳ್ಳು

ಮಸಾರಿಯತ್ತ ಬಂದರೆ ಸಮಸ್ಯೆಯ ಬಗೆಯೇ ಬೇರೆ. ಸಡಿಲ ಗರಸಿನ ಮೇಲೆ ಬ್ರೇಕ್ ಒತ್ತಿದಾಗ ಎಬಿಎಸ್ ಗಾಲಿ ಕಚ್ಚುವುದನ್ನು ತಡೆಯುತ್ತಾ ಹೋಗುತ್ತದೆ, ಗಾಡಿ ನಿಲ್ಲದೆ ಇಳಿಜಾರಿನಲ್ಲಿ ಜಾರುತ್ತಲೇ ಇರುತ್ತದೆ. ಡಾಂಬರಿನಲ್ಲಿ ಜೀವ ಉಳಿಸುವ ಎಬಿಎಸ್ ಗರಸಿನಲ್ಲಿ ಅಡ್ಡಿಯಾಗುವುದು ಹೀಗೆ. ಅದಕ್ಕಾಗಿಯೇ ಹೊಸ ಮಣ್ಣಿನ ಬೈಕುಗಳಲ್ಲಿ ಎಬಿಎಸ್‌ಗೆ ಬೇರೆ ಬೇರೆ ಮೋಡ್‌ಗಳಿವೆ. 2023ರ ಎಕ್ಸ್‌ಪಲ್ಸ್‌ನಲ್ಲಿ ರಸ್ತೆ, ಆಫ್‌ರೋಡ್, ರ್‍ಯಾಲಿ ಎಂದು ಮೂರು. ಹಳೆಯ ಗಾಡಿಯಿಂದ ಹೊಸದಕ್ಕೆ ಬರುವವರಿಗೆ ಇದು ದುಡ್ಡಿಗೆ ತಕ್ಕ ಬದಲಾವಣೆ. ಮಣ್ಣಿನ ದಾರಿ ಮುಗಿಸಿ ಹೆದ್ದಾರಿ ಸೇರುವಾಗ ಅದನ್ನು ಮರೆಯದೆ ರಸ್ತೆ ಮೋಡ್‌ಗೆ ತರಬೇಕು.

ಇನ್ನು ಮುಳ್ಳು. ಹಳ್ಳದ ದಂಡೆ, ಕೆರೆಯಂಗಳ, ಬೇಲಿ ಎಲ್ಲೆಂದರಲ್ಲಿ ಬಳ್ಳಾರಿ ಜಾಲಿ. ಮಣ್ಣಿನ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಡ್ಡಿಗಳ ಗಾಲಿ ಮತ್ತು ಟ್ಯೂಬು ಇರುತ್ತವೆ. ಕಡ್ಡಿಯ ಗಾಲಿ ಕಲ್ಲಿನ ಹೊಡೆತ ತಾಳುತ್ತದೆ. ಆದರೆ ಮುಳ್ಳು ನೆಟ್ಟರೆ ಟ್ಯೂಬ್‌ನ ಹವಾ ಒಮ್ಮೆಲೇ ಹೋಗುತ್ತದೆ. ಸಡಿಲ ಮಣ್ಣಿನಲ್ಲಿ ಹಿಡಿತಕ್ಕಾಗಿ ಹವಾ ಸ್ವಲ್ಪ ಇಳಿಸುವುದು ರೂಢಿ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕ ಟ್ಯೂಬು ಎರಡು ಕಡೆ ಹರಿಯುತ್ತದೆ. ಟೈರ್ ಬಿಚ್ಚುವ ಎರಡು ಲಿವರ್, ಒಂದು ಹೆಚ್ಚುವರಿ ಟ್ಯೂಬ್, ಕೈಪಂಪು ಚೀಲದಲ್ಲಿದ್ದರೆ ಹತ್ತು ಮೈಲಿ ತಳ್ಳುವುದು ತಪ್ಪುತ್ತದೆ.

ಎತ್ತಿ ನಿಲ್ಲಿಸಬಲ್ಲ ಗಾಡಿ

ಮಣ್ಣಿನಲ್ಲಿ ಬೈಕು ಬೀಳುತ್ತದೆ. ಬೀಳದಿರುವುದು ಹೇಗೆಂಬುದಕ್ಕಿಂತ, ಬಿದ್ದದ್ದನ್ನು ಒಬ್ಬರೇ ಎತ್ತಬಹುದೇ ಎಂಬುದು ದೊಡ್ಡ ಪ್ರಶ್ನೆ. ಹಾಗಾಗಿ ತೂಕದ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಕೆಎಲ್‌ಎಕ್ಸ್ 230ರ ತೂಕ 139 ಕೆ.ಜಿ. ಎಕ್ಸ್‌ಪಲ್ಸ್ 210 ಸುಮಾರು 170 ಕೆ.ಜಿ. ಹಿಮಾಲಯನ್ 450, 196 ಕೆ.ಜಿ. ಹುಬ್ಬಳ್ಳಿಗೋ ಗೋಕರ್ಣಕ್ಕೋ ಸಾಮಾನು ಕಟ್ಟಿಕೊಂಡು ಹೋಗುವಾಗ ಹಿಮಾಲಯನ್‌ನ 40 ಅಶ್ವಶಕ್ತಿ ಸುಖ ಕೊಡುತ್ತದೆ. ಎರಡು ಬದುಗಳ ನಡುವಿನ ಇಕ್ಕಟ್ಟಾದ ಜಾಡಿನಲ್ಲಿ, ಸಂಜೆ ಹೊತ್ತು, ಸುತ್ತ ಯಾರೂ ಇಲ್ಲದಾಗ ಆ 196 ಕೆ.ಜಿ. ಭಾರವಾಗುತ್ತದೆ.

ಹಗುರ ಗಾಡಿಗೂ ಒಂದು ಬೆಲೆ ಇದೆ: ಎತ್ತರ. ಕೆಎಲ್‌ಎಕ್ಸ್‌ನ ಸೀಟು 880 ಮಿ.ಮೀ. ಮೇಲಿದೆ. ಐದೂವರೆ ಅಡಿಯ ಸವಾರನಿಗೆ ಎರಡೂ ಪಾದ ನೆಲಕ್ಕೆ ಊರುವುದಿಲ್ಲ. ಶೋರೂಮಿನ ನುಣುಪು ಟೈಲ್ಸ್ ಮೇಲೆ ಕೂತು ನೋಡಿದರೆ ಇದು ತಿಳಿಯದು. ಒಂದು ಕಾಲು ಜಾಡಿನೊಳಗೆ, ಇನ್ನೊಂದು ಏರಿನ ಮೇಲೆ ಇಟ್ಟು ನಿಲ್ಲಬೇಕಾದಾಗ ತಿಳಿಯುತ್ತದೆ. ಟೆಸ್ಟ್ ರೈಡ್‌ಗೆ ಕೊಟ್ಟರೆ ಹೆದ್ದಾರಿ ಬಿಟ್ಟು ಹತ್ತಿರದ ಕಚ್ಚಾ ರಸ್ತೆಗೆ ಒಯ್ಯಲು ಅನುಮತಿ ಕೇಳಬೇಕು.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕೂ ದೊಡ್ಡ ಎಂಜಿನ್‌ಗಳಿಗೆ ಶೇ 40 ಆಯಿತು. ಅಂದರೆ ಸಣ್ಣ ಮಣ್ಣಿನ ಬೈಕು ತೆಗೆದುಕೊಳ್ಳಲು ತೆರಿಗೆಯೇ ದಾರಿ ಮಾಡಿಕೊಟ್ಟಿದೆ. ಶೋರೂಮ್ ಬೆಲೆಗೆ ನಿಂತು ಲೆಕ್ಕ ಹಾಕಬಾರದು. ಲಕ್ಷ ರೂಪಾಯಿ ದಾಟಿದ ದ್ವಿಚಕ್ರ ವಾಹನಕ್ಕೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 18. ಅದರ ಮೇಲೆ ವಿಮೆ. ಇವೆಲ್ಲ ಕಳೆದು ಉಳಿದ ಹಣದಲ್ಲಿ ಮೊದಲು ಕೊಳ್ಳಬೇಕಾದದ್ದು ಕ್ರ್ಯಾಶ್‌ಗಾರ್ಡ್ ಅಲ್ಲ. ಹೆಲ್ಮೆಟ್, ಮೊಣಕಾಲು ಕವಚ ಮತ್ತು ಕಣಕಾಲು ಮುಚ್ಚುವ ಗಟ್ಟಿ ಬೂಟು.

ಬಳಸಿದ ಎಕ್ಸ್‌ಪಲ್ಸ್ ಕೊಳ್ಳುವುದು ಜಾಣತನವೇ, ಆದರೆ ಮಣ್ಣಿನಲ್ಲಿ ಓಡಿದ ಗಾಡಿಯನ್ನು ಬಣ್ಣ ನೋಡಿ ಕೊಳ್ಳಬಾರದು. ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಸಿಕ್ಕಿಕೊಂಡಂತಾದರೆ ಕೋನ್ ಸೆಟ್ ಸವೆದಿದೆ. ಫೋರ್ಕ್ ಕಾಲಿನ ಮೇಲೆ ಎಣ್ಣೆಯ ಗೆರೆ ಕಂಡರೆ ಆಯಿಲ್ ಸೀಲ್ ಹೋಗಿದೆ. ಹಿಂದಿನ ಗಾಲಿ ಅಡ್ಡಕ್ಕೆ ಅಲುಗಿದರೆ ಬುಷ್ ಅಥವಾ ಬೇರಿಂಗ್ ಕೆಲಸ. ಪಾನಾದಿಂದ ಒಂದೊಂದೇ ಕಡ್ಡಿ ತಟ್ಟಿದರೆ ಸಡಿಲಾದದ್ದು ಮಂದ ಸದ್ದು ಮಾಡುತ್ತದೆ. ಕೊನೆಗೆ ಏರ್ ಫಿಲ್ಟರ್ ಪೆಟ್ಟಿಗೆ ತೆರೆಸಬೇಕು: ಫಿಲ್ಟರಿನ ಒಳಬದಿಯಲ್ಲಿ ಕೆಂಪು ಧೂಳು ಕಂಡರೆ ಎಂಜಿನ್ ಮಣ್ಣು ನುಂಗಿದೆ ಎಂದೇ ಅರ್ಥ. ಅಂಥ ಗಾಡಿ ಎಷ್ಟು ಅಗ್ಗವಾದರೂ ಬೇಡ.

ಕೆಎ 26 ನಂಬರಿನ ಹಳೆಯ ಗಾಡಿ ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಂಡರೆ ಸಾಲದು. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಹೆಸರು ಬದಲಾಗದ ಬೈಕು ಮುಂದೆ ಅಪಘಾತ ಮಾಡಿದರೆ ನೋಟಿಸು ಬರುವುದು ಹಳೆಯ ಮಾಲೀಕನ ಮನೆಗೆ.

ದಾಕಾರ್ ಕಲಿಸಿದ್ದು

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಾಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ ಎನಿಸಿಕೊಂಡರು; ಅವರ ಸ್ಥಾನ 36ನೆಯದು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಕನ್ನಡ ನೆಲದಲ್ಲಿ ಮಣ್ಣಿನ ಸವಾರಿಗೆ ಇಂಥ ಎತ್ತರವಿದೆ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ದಾಕಾರ್‌ನಲ್ಲಿ ಸಂತೋಷ್ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡಾಗ, ವೈದ್ಯರು ಅವರನ್ನು ಔಷಧ ಕೊಟ್ಟು ಕೋಮಾದಲ್ಲಿ ಇರಿಸಬೇಕಾಯಿತು. ವಿಶ್ವದರ್ಜೆಯ ತರಬೇತಿ, ಕವಚ, ಹೆಲಿಕಾಪ್ಟರ್ ಎಲ್ಲ ಇದ್ದ ಕಡೆಯೇ ಹೀಗೆ. ಸಂತೋಷ್ ಕೋಲಾರ ಜಿಲ್ಲೆಯಲ್ಲಿ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಲ್ಲಿ ಹೊಸಬರಿಗೆ ಸವಾರಿ ಕಲಿಸಲಾಗುತ್ತದೆ: ಫುಟ್‌ಪೆಗ್ ಮೇಲೆ ಎದ್ದು ನಿಲ್ಲುವುದು, ಮೊಣಕಾಲಿನಲ್ಲಿ ಟ್ಯಾಂಕ್ ಹಿಡಿಯುವುದು, ಕಣ್ಣನ್ನು ಗುಂಡಿಯ ಮೇಲಲ್ಲದೆ ದಾರಿಯ ಮೇಲೆ ಇಡುವುದು. ಇವು ಬಾರದವರಿಗೆ ಹೊಸ ಗಾಡಿ ಹೆಚ್ಚಿನ ವೇಗದಲ್ಲಿ ಬೀಳುವ ಅವಕಾಶ ಕೊಡುತ್ತದೆ, ಅಷ್ಟೇ.

ಗುಡ್ಡಕ್ಕೆ ಗಾಡಿ ಬೇಡ

ಹೊಸ ಬೈಕು ಕೈಗೆ ಬಂದ ಯುವಕರ ಕಣ್ಣು ಮೊದಲು ಹೋಗುವುದು ಕಪ್ಪತಗುಡ್ಡದ ಇಳಿಜಾರಿನತ್ತ. ಅಲ್ಲಿ ಓಡಿಸುವಂತಿಲ್ಲ. ಈ ಗುಡ್ಡಕ್ಕೆ ಸುತ್ತಲಿನ ಜನ ಬಹಳ ದುಡಿದಿದ್ದಾರೆ. 2011ರಲ್ಲಿ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವ ಯೋಜನೆಯನ್ನು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿಮ್ಮೆಟ್ಟಿಸಲಾಯಿತು. 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಸರ್ಕಾರ 2016ರಲ್ಲಿ ಹಿಂಪಡೆಯಿತು. ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಕೊಟ್ಟಿತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿಗಳ ಮನೆ ಅದು. ಅನುಮತಿಯಿಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಾನೂನಿನ ಆಚೆಗೂ ಕಾರಣಗಳಿವೆ. ಮುಳ್ಳುಗಾಲಿಯ ಟೈರು ಇಳಿಜಾರಿನಲ್ಲಿ ಒಮ್ಮೆ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುವುದು ಇಲ್ಲಿನವರಿಗೆ ಗೊತ್ತಿರುವ ಸಂಕಟ. ಕಾದ ಸೈಲೆನ್ಸರ್ ಅಂಥ ಹುಲ್ಲಿಗೆ ತಗುಲಿದರೆ ಏನಾದೀತೆಂದು ಯೋಚಿಸಬೇಕು. ಗದಗ–ಲಕ್ಷ್ಮೇಶ್ವರ ನಡುವಿನ ಮಾಗಡಿ ಕೆರೆಯದೂ ಇದೇ ಮಾತು. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲೇ ಮೇಯುತ್ತವೆ. ಅವು ಇರುವ ನವೆಂಬರ್–ಫೆಬ್ರುವರಿಯೇ ಬೈಕಿಗೂ ಹದವಾದ ಕಾಲ.

ಹಾಗಾದರೆ ಎಲ್ಲಿ ಓಡಿಸಬೇಕು? ಸಾರ್ವಜನಿಕ ಚಕ್ಕಡಿ ದಾರಿಗಳಲ್ಲಿ, ಊರಿಂದೂರಿನ ಕಚ್ಚಾ ರಸ್ತೆಗಳಲ್ಲಿ, ಹೊಲದವರ ಒಪ್ಪಿಗೆ ಪಡೆದು ಬೀಳು ಮಡ್ಡಿಗಳಲ್ಲಿ. ಹಿಂಗಾರಿ ಬೆಳೆ ನಿಂತ ಹೊಲದ ಬದುವಿಗೆ ಟೈರು ಹತ್ತಿಸಬಾರದು, ಎದುರು ಚಕ್ಕಡಿ ಬಂದರೆ ಎತ್ತು ಬೆದರದಂತೆ ಎಂಜಿನ್ ಆರಿಸಿ ನಿಲ್ಲಬೇಕು, ಕಂಪನಿ ಕೊಟ್ಟ ಸೈಲೆನ್ಸರ್ ತೆಗೆಯಬಾರದು. ಹೊಸದನ್ನು ಕೊಳ್ಳುವುದೇ ಆದರೆ ಈ ಸೀಮೆಗೆ 200ರಿಂದ 230 ಸಿಸಿ ಒಳಗಿನ, ಎತ್ತರದ ಮಡ್‌ಗಾರ್ಡಿನ, ಒಬ್ಬರೇ ಎತ್ತಿ ನಿಲ್ಲಿಸಬಲ್ಲ ಗಾಡಿ ಸಾಕು. ಗುಡ್ಡ ನೋಡುವ ಆಸೆಯಿದ್ದವರು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ, ಡೋಣಿ ಕಡೆಯಿಂದ ಕಪ್ಪತ ಮಲ್ಲೇಶ್ವರನ ಗುಡಿಗೆ ಹೋಗುವ ರಸ್ತೆಯಲ್ಲೇ ಹೋಗಿ, ಅಲ್ಲಿ ಬೈಕು ನಿಲ್ಲಿಸಿ ನಡೆಯಲಿ.