ಹಳೆಯ ಡಿಸ್ಕುಗಳು, ಹೊಸ ಕಂಟ್ರೋಲರ್

ವಿದ್ಯಾರ್ಥಿಗಳೇ, ನಿಮ್ಮ ಹೆಸರು, ಜನ್ಮತಿಥಿ, ವರ್ಷವರ್ಷದ ಅಂಕಗಳು ಹಿಂದೆ ದಪ್ಪ ರಿಜಿಸ್ಟರುಗಳಲ್ಲಿ ಇರುತ್ತಿದ್ದುವು. ಈಗ ಅಂಥವು ಬಹುಮಟ್ಟಿಗೆ ಗಣಕಯಂತ್ರದ ಡಿಸ್ಕುಗಳನ್ನು ಸೇರಿವೆ. ಶಾಲೆ ಬಿಟ್ಟು ಇಪ್ಪತ್ತು ವರ್ಷಗಳಾದ ಮೇಲೆ ದಾಖಲೆ ಬೇಡಿ ಬಂದವನಿಗೂ ಅದು ದೊರೆಯಬೇಕಷ್ಟೆ? ಆದುದರಿಂದ ಅನೇಕ ಕಚೇರಿಗಳಲ್ಲಿ ಒಂದೇ ಡಿಸ್ಕನ್ನು ನಂಬದೆ, ಹಲವನ್ನು ಸೇರಿಸಿ ಒಂದು ತಂಡವಾಗಿ ಕಟ್ಟುತ್ತಾರೆ. ಈ ಏರ್ಪಾಟಿಗೆ ರೇಡ್ ಎಂದು ಹೆಸರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಮಂಡಿಸಿದ ಪ್ರಬಂಧದಿಂದ ಈ ಹೆಸರು ರೂಢಿಗೆ ಬಂದಿತು. ತಂಡವನ್ನು ನಡೆಸುವ ಫಲಕವೇ ರೇಡ್ ಕಂಟ್ರೋಲರ್. ಆ ಫಲಕ ಹಳತಾದಾಗ ಡಿಸ್ಕುಗಳನ್ನು ಹೊಸದಕ್ಕೆ ಸಾಗಿಸುವುದು ಹೇಗೆಂಬುದನ್ನು ವಿಚಾರಿಸೋಣ.

ರೇಡ್‌-5 ಎಂಬ ಬಗೆಯನ್ನು ತೆಗೆದುಕೊಳ್ಳಿ. ಇದರಲ್ಲಿ ಕಂಟ್ರೋಲರ್ ದತ್ತಾಂಶವನ್ನು ತುಂಡು ತುಂಡಾಗಿಸಿ ಡಿಸ್ಕುಗಳ ಮೇಲೆ ಸರದಿಯಂತೆ ಇಡುತ್ತದೆ. ಮೂರು ಡಿಸ್ಕುಗಳಿದ್ದರೆ ಪ್ರತಿ ಸಾಲಿನಲ್ಲಿಯೂ ಎರಡರ ಮೇಲೆ ದತ್ತಾಂಶ, ಉಳಿದೊಂದರ ಮೇಲೆ ಪ್ಯಾರಿಟಿ ಎಂಬ ತಾಳೆಯ ಅಂಕಿ. ದತ್ತಾಂಶದ ಎರಡು ಅಂಕಿಗಳು ಬೇರೆಯಾಗಿದ್ದರೆ ತಾಳೆಯ ಅಂಕಿ 1; ಒಂದೇ ಆಗಿದ್ದರೆ 0. ಮೊದಲನೆಯದು 1, ಎರಡನೆಯದು 0 ಆಗಿದ್ದರೆ ತಾಳೆ 1. ಎರಡನೆಯ ಡಿಸ್ಕು ಕೆಟ್ಟಿತೆನ್ನಿ. ಉಳಿದಿರುವ 1 ಮತ್ತು 1 ಒಂದೇ ಆಗಿರುವುದರಿಂದ ಕಳೆದುಹೋದುದು 0 ಎಂದು ತಿಳಿಯುತ್ತದೆ. ಇಷ್ಟು ಸರಳವಾದ ಗಣಿತ ಎಷ್ಟು ದೊಡ್ಡ ಕೆಲಸ ಮಾಡುತ್ತದೆ, ನೋಡಿ! ಆದರೆ ಎರಡು ಡಿಸ್ಕುಗಳು ಒಟ್ಟಿಗೆ ಕೆಟ್ಟರೆ ಈ ಲೆಕ್ಕ ನಡೆಯದು.

ತಾಳೆಯ ಅಂಕಿಯ ಸ್ಥಾನವು ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ದಾರ ಕಳಚಿದ ಓಲೆಗರಿಯ ಕಟ್ಟಿನಲ್ಲಿ ಗರಿಗಳೆಲ್ಲ ಇದ್ದರೂ ಅನುಕ್ರಮ ತಿಳಿಯದಿದ್ದರೆ ಗ್ರಂಥವನ್ನು ಓದಲಾಗದು. ಇಲ್ಲಿಯೂ ಹಾಗೆಯೇ. ಯಾವ ಡಿಸ್ಕು ಮೊದಲು, ತುಂಡಿನ ಅಳತೆ ಎಷ್ಟು, ತಾಳೆಯ ಅಂಕಿ ಎಲ್ಲಿ ಎಂಬ ವಿವರಗಳನ್ನು ಕಂಟ್ರೋಲರ್ ಸಾಮಾನ್ಯವಾಗಿ ಡಿಸ್ಕುಗಳ ಒಂದು ಮೂಲೆಯಲ್ಲಿಯೇ ಬರೆದಿಡುತ್ತದೆ. ತೊಡಕೆಂದರೆ, ಒಬ್ಬ ತಯಾರಕನ ಬರವಣಿಗೆ ಇನ್ನೊಬ್ಬನಿಗೆ ತಿಳಿಯದು. ಎಲ್ಲರಿಗೂ ಒಂದೇ ಆಗುವಂತೆ ಡಿ.ಡಿ.ಎಫ್. ಎಂಬ ಮಾದರಿಯೊಂದನ್ನು ರಚಿಸಿದ್ದಾರಾದರೂ ಎಲ್ಲರೂ ಅದನ್ನು ಅನುಸರಿಸುತ್ತಿಲ್ಲ.

ಆದುದರಿಂದ ಸಾಗಿಸುವ ಮೊದಲು ಸಮಸ್ತ ದತ್ತಾಂಶದ ಪ್ರತಿಯನ್ನು ಬೇರೊಂದೆಡೆ ತೆಗೆದು, ಅದು ತೆರೆಯುವುದೇ ಎಂದು ಪರೀಕ್ಷಿಸಬೇಕು. ರೇಡ್ ಇದೆ, ಪ್ರತಿ ಏತಕ್ಕೆ ಎನ್ನುವವರುಂಟು. ತಪ್ಪಾಗಿ ಅಳಿಸಿದ ಕಡತವನ್ನು ರೇಡ್ ಎಲ್ಲ ಡಿಸ್ಕುಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ತಂಡದಲ್ಲಿ ಕೆಟ್ಟ ಡಿಸ್ಕಿದ್ದರೆ ಮೊದಲು ಅದನ್ನು ಬದಲಾಯಿಸಿ ತಂಡವನ್ನು ಪೂರ್ಣಗೊಳಿಸಬೇಕು. ಆಮೇಲೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಬೇಕು. ಥಟ್ಟನೆ ವಿದ್ಯುತ್ತನ್ನು ಕಡಿದರೆ ಕಂಟ್ರೋಲರಿನ ಸ್ಮರಣಕೋಶದಲ್ಲಿ ಉಳಿದ ಬರವಣಿಗೆ ಡಿಸ್ಕನ್ನು ಸೇರದೆ ಹೋಗಬಹುದು. ಪ್ರತಿ ಡಿಸ್ಕಿಗೂ ಅದಿದ್ದ ಸ್ಥಾನದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಹೊಸ ಯಂತ್ರವನ್ನು ಚಾಲೂ ಮಾಡುವ ಮುನ್ನವೇ ಎಲ್ಲ ಡಿಸ್ಕುಗಳನ್ನೂ ಜೋಡಿಸಬೇಕು; ಒಂದನ್ನು ಬಿಟ್ಟು ನಡೆಸಿದರೆ ಅದು ಉಳಿದವುಗಳಿಗಿಂತ ಹಿಂದೆ ಬೀಳುತ್ತದೆ.

ಹೊಸ ಕಂಟ್ರೋಲರ್ ಅದೇ ತಯಾರಕನ, ಅದೇ ವಂಶದ್ದಾದರೆ ಅನೇಕ ವೇಳೆ ಹಳೆಯ ಬರವಣಿಗೆಯನ್ನು ಗುರುತಿಸಿ, 'ಫಾರಿನ್ ಕಾನ್ಫಿಗರೇಷನ್' ಎಂದು ತೋರಿಸುತ್ತದೆ. ಆಗ ಆರಿಸಬೇಕಾದುದು 'ಇಂಪೋರ್ಟ್', ಅರ್ಥಾತ್ ಇದ್ದುದನ್ನು ಇದ್ದಂತೆಯೇ ಸ್ವೀಕರಿಸುವುದು. ಪಕ್ಕದಲ್ಲಿಯೇ ಇರುವ 'ಕ್ಲಿಯರ್' ಆ ವಿವರಗಳನ್ನು ಒರಸಿಹಾಕುತ್ತದೆ. 'ಇನಿಷಿಯಲೈಸ್' ಎಂಬುದಂತೂ ದತ್ತಾಂಶದ ಮೇಲೆಯೇ ಸೊನ್ನೆಗಳನ್ನು ಬರೆಯಬಲ್ಲುದು. ಅವಸರದಲ್ಲಿ ಒತ್ತುವ ಬೆರಳಿಗೆ ಇವೆರಡೂ ಒಂದೇ!

ತಯಾರಕನೇ ಬೇರೆಯಾದರೆ ಹಳೆಯ ಡಿಸ್ಕುಗಳನ್ನು ಸಾಗಿಸದಿರುವುದೇ ಮೇಲು. ಹೊಸ ಕಂಟ್ರೋಲರಿಗೆ ಹೊಸ ಡಿಸ್ಕುಗಳನ್ನು ಕೂಡಿಸಿ, ತಂಡ ಕಟ್ಟಿ, ಪ್ರತಿಯಿಂದ ದತ್ತಾಂಶವನ್ನು ಅದರೊಳಕ್ಕೆ ತುಂಬಬೇಕು. ಲಿನಕ್ಸ್ ತಂತ್ರಾಂಶವೇ ಕಟ್ಟಿದ ತಂಡಕ್ಕೆ ಈ ಕಷ್ಟವಿಲ್ಲ. ಮತ್ತೊಂದು ಲಿನಕ್ಸ್ ಯಂತ್ರ ಅದನ್ನು ಸಾಮಾನ್ಯವಾಗಿ ಓದಿಕೊಳ್ಳುತ್ತದೆ. ಹೇಗೆ ಮಾಡಿದರೂ ಹೊಸದರಲ್ಲಿ ಕಡತಗಳನ್ನು ತೆರೆದು ತಾಳೆ ನೋಡುವವರೆಗೆ ಹಳೆಯ ಫಲಕವನ್ನೂ ಪ್ರತಿಯನ್ನೂ ಬೀರುವಿನಲ್ಲಿ ಭದ್ರವಾಗಿ ಇಟ್ಟಿರಬೇಕು.