ಜೋಡಿ ಕಾರ್ಬುರೇಟರುಗಳ ಶ್ರುತಿ



ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದಲ್ಲಿ 1945ರಿಂದ 1949ರವರೆಗೆ ತಯಾರಾದ ಎಂ. ಜಿ. ಟಿ. ಸಿ. ಎಂಬ ಪುಟ್ಟ ಕಾರನ್ನು ಹಳೆಯ ವಾಹನಗಳಲ್ಲಿ ಅಭಿರುಚಿಯುಳ್ಳವರು ಬಲ್ಲರು. ಅದರ 1250 ಸಿ. ಸಿ. ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು, ಎರಡು ಎಸ್. ಯು. ಕಾರ್ಬುರೇಟರುಗಳು. ಇವೆರಡೂ ಒಂದೇ ಸಮನಾಗಿ ದುಡಿಯದಿದ್ದರೆ, ಬೇರೆ ಬೇರೆ ಶ್ರುತಿಯ ಎರಡು ತಂಬೂರಿಗಳನ್ನು ಒಟ್ಟಿಗೆ ಮೀಟಿದಂತಾಗುತ್ತದೆ. ಹಾನಿಯು ಕಿವಿಗೆ ಮಾತ್ರವಲ್ಲ. ಪೆಟ್ರೋಲು ಸಾಲದಾದರೆ ಎಂಜಿನ್ನು ಮಿತಿಮೀರಿ ಕಾದು ವಾಲ್ವುಗಳು ಸುಡುವುವು. ಹೆಚ್ಚಾದರೆ ಸಿಲಿಂಡರಿನ ಗೋಡೆಯ ಎಣ್ಣೆಯು ತೊಳೆದುಹೋಗಿ ಲೋಹವು ಸವೆಯುವುದು.

ಈ ಯಂತ್ರದ ತತ್ತ್ವವು ಸರಳವಾದುದು. ಎಂಜಿನ್ನು ಗಾಳಿಯನ್ನು ಸೆಳೆದಾಗ ಗುಮ್ಮಟದೊಳಗಿನ ಪಿಸ್ಟನ್ನು ಮೇಲೇರುತ್ತದೆ. ಅದರ ತಳಕ್ಕೆ ಜೋಡಿಸಿದ ಸೂಜಿಯು ತುದಿಯ ಕಡೆಗೆ ಸಪುರವಾಗಿರುವುದರಿಂದ, ಏರಿದಷ್ಟೂ ಜೆಟ್ಟಿನ ಬಾಯಿ ತೆರವಾಗಿ ಪೆಟ್ರೋಲು ಹೆಚ್ಚುತ್ತದೆ. ಎಂದರೆ ಗಾಳಿಯೇ ಪೆಟ್ರೋಲನ್ನು ಅಳೆದು ಕೊಡುತ್ತದೆ. ಆದುದರಿಂದಲೇ ಮೊದಲು ಗಾಳಿ, ಅನಂತರ ಪೆಟ್ರೋಲು ಎಂಬುದು ಈ ಕೆಲಸದ ಕ್ರಮ.

ಈ ಕ್ರಮವನ್ನು ಮರೆತು ನಾವೊಮ್ಮೆ ಇಡೀ ಭಾನುವಾರ ಜೆಟ್ಟಿನ ನಟ್ಟುಗಳನ್ನು ತಿರುಗಿಸುತ್ತ ಕುಳಿತೆವು. ಕಡೆಗೆ ನೋಡಿದರೆ ದೋಷವಿದ್ದುದು ಕಾರ್ಬುರೇಟರಿನಲ್ಲಲ್ಲ, ಹರಿದ ಗ್ಯಾಸ್ಕೆಟ್ಟಿನ ಮೂಲಕ ಕಳ್ಳತನದಿಂದ ಒಳನುಗ್ಗುತ್ತಿದ್ದ ಗಾಳಿಯಲ್ಲಿ! ಆದುದರಿಂದ ಗ್ಯಾಸ್ಕೆಟ್ಟು, ಪ್ಲಗ್ಗು, ವಾಲ್ವುಗಳ ಅಂತರ ಇವೆಲ್ಲ ಸರಿಯಾಗಿವೆಯೆಂದು ಖಚಿತವಾದ ಮೇಲೆಯೇ ಕಾರ್ಬುರೇಟರಿಗೆ ಕೈಹಾಕತಕ್ಕದ್ದು.

ಕಾರನ್ನು ಬಯಲಿಗೆ ತಂದು ಎಂಜಿನ್ನನ್ನು ಚೆನ್ನಾಗಿ ಬಿಸಿಮಾಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಅದರ ಹೊಗೆಯು ಪ್ರಾಣಾಂತಕ. ಎರಡು ಥ್ರಾಟಲುಗಳನ್ನು ಕೂಡಿಸುವ ಕೊಂಡಿಯನ್ನು ಸಡಿಲಿಸಿ, ರಬ್ಬರು ನಳಿಗೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಪ್ರತಿ ಕಾರ್ಬುರೇಟರಿನ ಬಾಯಿಗೂ ಹಿಡಿದು ಆಲಿಸಬೇಕು. ಎರಡು ಕಡೆಯೂ ಗಾಳಿಯ ಸುಯ್ಲು ಒಂದೇ ಆಗುವವರೆಗೆ ಥ್ರಾಟಲಿನ ತಿರುಪುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುವುದು.

ಅನಂತರ ಪೆಟ್ರೋಲಿನ ಸರದಿ. ಜೆಟ್ಟಿನ ಕೆಳಗಿನ ಆರು ಮುಖದ ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಪೆಟ್ರೋಲು ಕಡಮೆಯಾಗುವುದು, ಕೆಳಕ್ಕಾದರೆ ಹೆಚ್ಚುವುದು. ಒಮ್ಮೆಗೆ ಒಂದು ಮುಖಕ್ಕಿಂತ ಹೆಚ್ಚು ತಿರುಗಿಸಕೂಡದು. ಪರೀಕ್ಷೆಗಾಗಿ ಒಂದು ಪಿಸ್ಟನ್ನನ್ನು ಅಂಗುಲದ 1/32 ಭಾಗದಷ್ಟು ಎತ್ತಬೇಕು. ಎಂಜಿನ್ನಿನ ವೇಗ ಹೆಚ್ಚಿ ಹಾಗೆಯೇ ನಿಂತರೆ ಪೆಟ್ರೋಲು ಅಧಿಕ. ವೇಗ ಕುಗ್ಗಿ ಎಂಜಿನ್ನು ನಿಲ್ಲತೊಡಗಿದರೆ ಅಲ್ಪ. ಕ್ಷಣಮಾತ್ರ ತುಸು ಏರಿ ಮತ್ತೆ ನೆಲೆಗೆ ಬಂದರೆ ಸರಿ. ಎರಡನೆಯ ಕಾರ್ಬುರೇಟರನ್ನೂ ಇದೇ ರೀತಿ ಪರೀಕ್ಷಿಸಿ, ಸುಯ್ಲನ್ನು ಮತ್ತೊಮ್ಮೆ ಆಲಿಸಿ ಕೊಂಡಿಯನ್ನು ಬಿಗಿಯುವುದು.

ಇಷ್ಟಕ್ಕೂ ಬೇಕಾದುದು ಒಂದು ತುಂಡು ನಳಿಗೆ, ಒಂದೆರಡು ಸ್ಪ್ಯಾನರು, ಅವಸರವಿಲ್ಲದ ಕಿವಿ. ಒಂದು ಕಾರ್ಬುರೇಟರಿನ ತಪ್ಪನ್ನು ಇನ್ನೊಂದರಿಂದ ಮುಚ್ಚಲು ಹೊರಟವನಿಗೆ ಎರಡೂ ಕೆಡುವುವು. ಎರಡನ್ನೂ ಬೇರೆಬೇರೆಯಾಗಿ ತಿದ್ದಿ ಕೂಡಿಸಿದವನಿಗೆ ಎಂಜಿನ್ನು ಒಂದೇ ದನಿಯಲ್ಲಿ ಹಾಡುವುದು.